ನೆರೆನಾಡುಗಳ ಸಹಕಾರವೂ ಸಮಾನ ಪರಂಪರೆಯೂ: ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಸಾಕ್ಷ್ಯ

ನೆರೆನಾಡುಗಳ ನಡುವೆ ಸಹಕಾರ ಬೆಳೆಯಬೇಕಾದರೆ ಅವುಗಳ ಸಮಾನವಾದ ಸಾಂಸ್ಕೃತಿಕ ಪರಂಪರೆಯೇ ಅದಕ್ಕೆ ತಳಹದಿಯಾಗಬೇಕೆಂಬ ಮಾತನ್ನು ನಾವು ಸಮ್ಮೇಳನಗಳಲ್ಲಿಯೂ ರಾಜಕಾರಣಿಗಳ ಭಾಷಣಗಳಲ್ಲಿಯೂ ಮೇಲಿಂದ ಮೇಲೆ ಕೇಳುತ್ತೇವೆ. 1985ರಲ್ಲಿ ಢಾಕಾ ನಗರದಲ್ಲಿ ದಕ್ಷಿಣ ಏಷ್ಯದ ಏಳು ರಾಷ್ಟ್ರಗಳು ಕೂಡಿ ಸಾರ್ಕ್ ಸಂಘಟನೆಯನ್ನು ಕಟ್ಟಿದಾಗ, ಅದರ ಸನ್ನದಿನ ಪೀಠಿಕೆಯಲ್ಲಿಯೇ ಸದಸ್ಯ ರಾಷ್ಟ್ರಗಳು ಇತಿಹಾಸ ಸಂಸ್ಕೃತಿಗಳ ಬಂಧದಿಂದ ಕೂಡಿದವೆಂಬ ಅಭಿಪ್ರಾಯವನ್ನು ಸೇರಿಸಲಾಯಿತು. ಆ ಬಂಧವೇನೋ ಸುಳ್ಳಲ್ಲ. ಆದರೂ 2014ರ ಕಾಠ್ಮಂಡು ಶೃಂಗಸಭೆಯಾದ ಮೇಲೆ, 2016ರಲ್ಲಿ ಇಸ್ಲಾಮಾಬಾದಿನಲ್ಲಿ ಸೇರಬೇಕಾಗಿದ್ದ ಸಭೆ ಸೇರದೆಯೇ ಹೋಯಿತು. ಹಾಗಿದ್ದರೆ ಈ ತಳಹದಿ ಎಂಬುದು ಎಷ್ಟು ಭಾರವನ್ನು ಹೊರಬಲ್ಲದು? ಯಾವ ಬಗೆಯ ಪರಂಪರೆ ಸಹಕಾರಕ್ಕೆ ಒದಗುತ್ತದೆ, ಯಾವುದು ಒದಗುವುದಿಲ್ಲ?

ಈ ಪ್ರಶ್ನೆಯನ್ನು ದೂರದ ರಾಜಧಾನಿಗಳಲ್ಲಿಟ್ಟು ನೋಡುವುದಕ್ಕಿಂತ ನಮ್ಮ ಕಾಲ್ನಡಿಗೆಗೆ ಎಟಕುವ ಒಂದು ಸೀಮೆಯಲ್ಲಿಟ್ಟು ನೋಡುವುದು ಲೇಸೆಂದು ನಮಗೆ ತೋರಿದೆ. ಮಂಡ್ಯ ಜಿಲ್ಲೆಯ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳನ್ನು ಇದಕ್ಕಾಗಿ ಆರಿಸಿಕೊಂಡಿದ್ದೇವೆ. ಇಂದಿನ ವಾಚಕರಿಗೆ ಇದು ಗಡಿಸೀಮೆಯೆಂದು ತೋರಲಾರದು. ಆದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಕಾವೇರಿಯ ತೆಂಕಣ ದಡದ ಕೊಳ್ಳೇಗಾಲ ಸೀಮೆ ಕಂಪನಿ ಸರ್ಕಾರದ ವಶವಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಬಡಗಣ ದಡದ ಮಳವಳ್ಳಿ ಮೈಸೂರು ಸಂಸ್ಥಾನದಲ್ಲಿ ಉಳಿಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬರುವವರೆಗೆ, ಅಂದರೆ ಒಂದೂವರೆ ಶತಮಾನಕ್ಕೂ ಮಿಕ್ಕಿ, ಮಳವಳ್ಳಿಯ ರೈತನು ಹೊಳೆಯನ್ನು ದಾಟಿದರೆ ಬೇರೊಂದು ಸರ್ಕಾರ, ಬೇರೊಂದು ಕಾಯಿದೆ, ಬೇರೊಂದು ಕಚೇರಿಯ ಭಾಷೆ ಅವನಿಗೆ ಎದುರಾಗುತ್ತಿದ್ದವು. ಅದರಲ್ಲಿ ಬಹುಭಾಗ ಕಾಲ ಒಂದು ದಡ ದೇಶೀಯ ಸಂಸ್ಥಾನ, ಇನ್ನೊಂದು ದಡ ಬ್ರಿಟಿಷ್ ಪ್ರಾಂತ. ನೆರೆನಾಡುಗಳೆಂಬ ಮಾತಿಗೆ ಇದಕ್ಕಿಂತ ಹತ್ತಿರದ ದೃಷ್ಟಾಂತ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಸಮಾನ ಪರಂಪರೆ ಎಂದೊಡನೆ ಸ್ನೇಹದ ನೆನಪುಗಳೇ ಕಣ್ಣಮುಂದೆ ಬರುವುದು ವಾಡಿಕೆ. ಆದ್ದರಿಂದ ನಾವು ಬೇಕೆಂದೇ ಒಂದು ಯುದ್ಧದ ಕಲ್ಲಿನಿಂದ ಆರಂಭಿಸುತ್ತೇವೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಸಾಗಿಸಲ್ಪಟ್ಟ ಕ್ರಿ.ಶ. 949–50ರ ಶಾಸನ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತವಾದದ್ದು. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನು ತಮಿಳುನಾಡಿನ ತಕ್ಕೋಲದಲ್ಲಿ ಚೋಳರನ್ನು ಎದುರಿಸಿದಾಗ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಆ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನನ್ನು ಮೆಚ್ಚಿ, ಏನು ಬೇಕೆಂದು ಒಡೆಯನು ಕೇಳಲು, ಅವನು ಕಾಳಿ ಎಂಬ ಬೇಟೆನಾಯನ್ನು ಬೇಡಿ ಪಡೆದನು. ಆ ನಾಯಿ ಮುಂದೆ ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಡಲಾಯಿತು. ಪೂಜೆ ಮಾಡದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟಲೆಂಬ ಎಚ್ಚರಿಕೆಯೂ ಅದರಲ್ಲಿದೆ.

ಈ ಕಲ್ಲು ತಮಿಳುನಾಡಿನ ಇತಿಹಾಸಕ್ಕೂ ಕನ್ನಡನಾಡಿನ ಇತಿಹಾಸಕ್ಕೂ ಸಮಾನವಾದ ಆಕರ. ತಕ್ಕೋಲದ ಕಾಳಗವನ್ನು ಚೋಳರ ಕಡೆಯಿಂದ ಬರೆಯುವವರು ಆತಕೂರಿಗೆ ಬಾರದೆ ಬರೆಯಲಾರರು. ಆದರೆ ಇದರಿಂದ ಸಹಕಾರ ಹುಟ್ಟುತ್ತದೆಯೆಂದು ಯಾರೂ ಹೇಳರು. ಒಬ್ಬರ ಗೆಲುವು ಇನ್ನೊಬ್ಬರ ಸೋಲಾಗಿರುವ ನೆನಪು ಇದು. ಪರಂಪರೆ ಸಮಾನವಾಗಿದ್ದ ಮಾತ್ರಕ್ಕೆ ಅದು ಸೇತುವೆಯಾಗುವುದಿಲ್ಲವೆಂಬುದನ್ನು ಈ ಕಲ್ಲು ಮೊದಲೇ ನಮಗೆ ತಿಳಿಸಿಕೊಡುತ್ತದೆ. ಹೊರನಾಡುಗಳಲ್ಲಿ ಇದಕ್ಕೆ ಕಠಿಣವಾದ ಉದಾಹರಣೆಯುಂಟು. ಕಾಂಬೋಡಿಯ ಮತ್ತು ಥಾಯ್ಲೆಂಡುಗಳ ಗಡಿಯ ಮೇಲಿರುವ ಪ್ರೇಅ ವಿಹಾರ್ ಶಿವಾಲಯವನ್ನು ಉಭಯ ಜನಾಂಗಗಳೂ ತಮ್ಮ ಪರಂಪರೆಯೆಂದೇ ಎಣಿಸುತ್ತವೆ. ಅಂತರರಾಷ್ಟ್ರೀಯ ನ್ಯಾಯಾಲಯ 1962ರಲ್ಲಿ ಅದನ್ನು ಕಾಂಬೋಡಿಯಕ್ಕೆ ಸೇರಿದ್ದೆಂದು ತೀರ್ಮಾನಿಸಿತು. 2008ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೊಡನೆ ಗುಂಡುಗಳು ಹಾರಿದವು. 2025ರಲ್ಲಿ ಆ ಗಡಿಯಲ್ಲಿ ಮತ್ತೆ ಕಾಳಗವೇ ನಡೆಯಿತು. ಅಲ್ಲಿ ಜಗಳಕ್ಕೆ ಕಾರಣವಾದದ್ದೇ ಸಮಾನ ಪರಂಪರೆ.

ತಕ್ಕೋಲವಾದ ಅರ್ಧ ಶತಮಾನದ ಮೇಲೆ ಗಾಳಿ ತಿರುಗಿತು. ಸುಮಾರು 1004ರಲ್ಲಿ ಚೋಳರು ತಲಕಾಡನ್ನು ಗೆದ್ದು ಅದನ್ನು ರಾಜರಾಜಪುರವೆಂದು ಕರೆದರು. ಗಂಗವಾಡಿ ಮುಡಿಗೊಂಡಚೋಳ ಮಂಡಲವಾಯಿತು. ಹೊಯ್ಸಳ ವಿಷ್ಣುವರ್ಧನನು 1116ರ ಸುಮಾರಿಗೆ ತಲಕಾಡನ್ನು ಹಿಂದಕ್ಕೆ ಪಡೆದು ತಲಕಾಡುಗೊಂಡನೆನಿಸಿಕೊಳ್ಳುವವರೆಗೆ, ನೂರು ವರ್ಷಕ್ಕೂ ಮಿಕ್ಕಿ, ನಮ್ಮ ಸೀಮೆ ಚೋಳರ ಆಳ್ವಿಕೆಯಲ್ಲಿತ್ತು. ಮಳವಳ್ಳಿಗೆ ಹೊಂದಿಕೊಂಡಿರುವ ಮಾರೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯ ಆ ಕಾಲದ್ದು. ಶಾಸನದಲ್ಲಿ ಅದಕ್ಕೆ ರಾಜಾಶ್ರಯ ವಿಣ್ಣಗರವೆಂದು ಹೆಸರು. ರಾಜಾಶ್ರಯನೆಂಬುದು ರಾಜರಾಜ ಚೋಳನ ಬಿರುದು. ವಿಣ್ಣಗರವೆಂದರೆ ತಮಿಳಿನಲ್ಲಿ ವಿಷ್ಣುವಿನ ಗುಡಿ. ಗೆದ್ದವನ ಬಿರುದನ್ನು ಹೊತ್ತ ಈ ಗುಡಿಯನ್ನು, ಅವನ ಆಳ್ವಿಕೆ ಅಳಿದ ಮೇಲೆ ಇಲ್ಲಿಯ ಜನ ಕೆಡವಲಿಲ್ಲ. ಹೆಸರನ್ನು ಮರೆತರು, ದೇವರನ್ನು ಉಳಿಸಿಕೊಂಡರು. ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಮಾತು: ಸಾತಕರ್ಣಿಯ ಹೆಸರಿನೊಡನೆ ಪಠ್ಯಪುಸ್ತಕಗಳಲ್ಲಿ ಬರುವ ಮಳವಳ್ಳಿಯ ಸ್ತಂಭಶಾಸನ ನಮ್ಮ ಮಳವಳ್ಳಿಯದಲ್ಲ, ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನದು. ಉತ್ತರಪತ್ರಿಕೆಗಳಲ್ಲಿ ಈ ತಪ್ಪನ್ನು ವರ್ಷ ವರ್ಷವೂ ತಿದ್ದಿ ನಮಗೆ ಸಾಕಾಗಿದೆ.

ಚೋಳರು ಹಿಂದಿರುಗಿದ ಮೇಲೂ ತಮಿಳು ಇಲ್ಲಿಂದ ಹಿಂದಿರುಗಲಿಲ್ಲ. ಪಾಂಡವಪುರ ತಾಲ್ಲೂಕಿನ ತೊಂಡನೂರಿನಲ್ಲಿ ಕನ್ನಡ ದೊರೆಗಳಾದ ಹೊಯ್ಸಳರ ಕಾಲದಲ್ಲಿಯೇ ದಾನಗಳನ್ನು ತಮಿಳಿನಲ್ಲಿ ಕೆತ್ತಿಸಿದರು. ದಾನ ಕೊಟ್ಟವರಿಗೂ ಅದನ್ನು ನಡೆಸಬೇಕಾದವರಿಗೂ ಯಾವ ಭಾಷೆ ತಿಳಿಯುತ್ತಿತ್ತೋ ಆ ಭಾಷೆ ಕಲ್ಲಿಗೆ ಬಂದಿತು. ಅದರಿಂದ ಅರಮನೆಯ ಗೌರವಕ್ಕೆ ಕುಂದೆಂದು ಯಾರಿಗೂ ತೋರಿದಂತಿಲ್ಲ.

ಮದ್ದೂರಿನ ವರದರಾಜಸ್ವಾಮಿಯ ಕಥೆಯನ್ನೂ ಇಲ್ಲಿಯೇ ಹೇಳಬೇಕು. ಶಿಂಷಾ ನದಿಯ ದಡದ ಈ ಊರಿನಲ್ಲಿ ಉಗ್ರನರಸಿಂಹನ ಗುಡಿಯ ಹಿಂಬದಿಗೆ ಆಳೆತ್ತರವನ್ನು ಬಹಳವಾಗಿ ಮೀರಿದ ವರದರಾಜನ ವಿಗ್ರಹವೊಂದಿದೆ. ವಿಷ್ಣುವರ್ಧನನ ತಾಯಿಯ ಕಣ್ಣು ಮಂಕಾಗಲು, ಕಂಚಿಯ ವರದರಾಜನ ದರ್ಶನ ಮಾಡಿದರೆ ದೃಷ್ಟಿ ಬರುವುದೆಂದು ಹಿರಿಯರು ಹೇಳಿದರಂತೆ. ಮುದುಕಿಯು ಅಷ್ಟು ದೂರ ಹೋಗಲಾರದವಳಾದ್ದರಿಂದ ದೊರೆಯು ಕಂಚಿಯ ದೇವರನ್ನೇ ಮದ್ದೂರಿನಲ್ಲಿ ಮಾಡಿಸಿ ನಿಲ್ಲಿಸಿದನಂತೆ. ಇದು ಐತಿಹ್ಯ, ಶಾಸನದ ಬಲ ಇದಕ್ಕಿಲ್ಲವೆಂದು ಇತಿಹಾಸದ ಅಧ್ಯಾಪಕರಾದ ನಾವು ಹೇಳಲೇಬೇಕು. ಆದರೂ ಈ ಕಥೆಯನ್ನು ಕಟ್ಟಿದವರ ಮನಸ್ಸಿನಲ್ಲಿ ಕಂಚಿಯು ಶತ್ರುವಿನ ಊರಾಗಿರಲಿಲ್ಲವೆಂಬುದಕ್ಕೆ ಶಾಸನ ಬೇಕಾಗಿಲ್ಲ. ದೊರೆಯು ತಮಿಳರಸರನ್ನು ಸೋಲಿಸಿದವನು. ಅವನ ತಾಯಿಗೆ ಕಣ್ಣು ಕೊಡಬಲ್ಲ ದೇವರು ತಮಿಳುನಾಡಿನವನು. ಇವೆರಡನ್ನೂ ಒಂದೇ ಕಥೆಯಲ್ಲಿಟ್ಟು ಹೇಳುವಾಗ ಮದ್ದೂರಿನ ಹಳಬರ ದನಿಯಲ್ಲಿ ಏನೂ ವಿರೋಧ ಕೇಳಿಬರುವುದಿಲ್ಲ.

ಮಂಡ್ಯ ಪಟ್ಟಣದ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇವೆ. ವಿಜಯನಗರದ ಕಾಲದಲ್ಲಿ ಇದು ಶ್ರೀವೈಷ್ಣವರ ಅಗ್ರಹಾರವಾಗಿತ್ತು. ಮಂಡಯಂ ಅಯ್ಯಂಗಾರರೆಂದು ಹೆಸರಾದ ಮನೆತನಗಳು ಈ ಊರಿನ ಹೆಸರನ್ನೇ ಹೊತ್ತು, ಮನೆಯಲ್ಲಿ ಒಂದು ಬಗೆಯ ತಮಿಳನ್ನೂ ಬೀದಿಯಲ್ಲಿ ಕನ್ನಡವನ್ನೂ ಆಡುತ್ತ, ತಿರುಪತಿ, ಶ್ರೀರಂಗ, ಮೇಲುಕೋಟೆಗಳೊಡನೆ ಸಂಬಂಧವನ್ನು ಉಳಿಸಿಕೊಂಡು ಬಂದವು. ಇದು ಮುಖ್ಯವಾದರೂ ಒಂದು ಸಮುದಾಯದ ಮಾತು. ಊರಿನ ಬಹುಜನರಿಗೆ ಈ ಬಗೆಯ ಸಂಬಂಧವಿರಲಿಲ್ಲ. ವಿದ್ವಾಂಸರು ಪರಂಪರೆಯನ್ನು ಕುರಿತು ಬರೆಯುವಾಗ ಅಗ್ರಹಾರದಲ್ಲಿಯೇ ನಿಂತುಬಿಡುವುದು ಒಂದು ದೋಷ. ಆದ್ದರಿಂದ ಈಗ ಹೊಳೆಯ ದಡಕ್ಕೆ ಬರೋಣ.

ಮಂಟೇಸ್ವಾಮಿ ಪರಂಪರೆಯ ನೀಲಗಾರರು ತಂಬೂರಿ ಹಿಡಿದು ಹಾಡುವ ಮಹಾಕಾವ್ಯದ ಭೂಗೋಳವನ್ನು ಗಮನಿಸಿದರೆ, ನಮ್ಮ ವಿಷಯ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಕಥೆಯಲ್ಲಿ ಸಿದ್ದಪ್ಪಾಜಿಯು ಮೊದಲು ಕೆಂಪಾಚಾರಿ ಎಂಬ ಅಕ್ಕಸಾಲೆ ಕಮ್ಮಾರರ ಮನೆಯ ಹುಡುಗ. ಅವನ ಊರು ಮದ್ದೂರು ತಾಲ್ಲೂಕಿನ ನಿಡಘಟ್ಟ. ಮಂಟೇಸ್ವಾಮಿಯು ಅವನನ್ನು ಶಿಶುಮಗನನ್ನಾಗಿ ಪಡೆದು, ಕಬ್ಬಿಣದ ಭಿಕ್ಷೆ ತರಲು ಕಳುಹಿಸುವುದು ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ. ಅಲ್ಲಿಯ ಪಾಂಚಾಳರು ಅವನಿಗೆ ಕೊಡುವ ಹಿಂಸೆ, ಅವನು ಅದನ್ನು ಗೆಲ್ಲುವ ಬಗೆ, ಈ ಕಾವ್ಯದ ಅತ್ಯಂತ ತೀವ್ರವಾದ ಭಾಗ. ಮಂಟೇಸ್ವಾಮಿಯ ಗದ್ದುಗೆಯಿರುವುದು ಅದೇ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ಸಿದ್ದಪ್ಪಾಜಿಯ ಗದ್ದುಗೆಯಾದರೋ ಹೊಳೆಯಾಚೆ, ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ. ಅಂದರೆ 1799ರಿಂದ 1956ರವರೆಗೆ ಗುರುವು ಮೈಸೂರಿನಲ್ಲಿ, ಶಿಷ್ಯನು ಮದರಾಸಿನಲ್ಲಿ!

ಪುಷ್ಯಮಾಸದ ಬನದ ಹುಣ್ಣಿಮೆಯಲ್ಲಿ ಚಿಕ್ಕಲ್ಲೂರಿನ ಜಾತ್ರೆ ಆರಂಭವಾಗಿ ಐದು ದಿನ ನಡೆಯುತ್ತದೆ. ಮೊದಲ ರಾತ್ರಿ ಚಂದ್ರಮಂಡಲವೆಂಬ ಬಿದಿರು ಬಟ್ಟೆಗಳ ಆಕೃತಿಗೆ ಬೆಂಕಿ ಕೊಡುವ ಹಕ್ಕು ಬೊಪ್ಪೇಗೌಡನಪುರದ ಮಠದ ಒಡೆಯರದು. ಅವರು ಹೊಳೆ ದಾಟಿ ಬಾರದೆ ಜಾತ್ರೆ ಆರಂಭವಾಗುವಂತಿಲ್ಲ. ಆಕೃತಿಯನ್ನು ಕಟ್ಟುವ, ಅದಕ್ಕೆ ಬೇಕಾದ ಸಾಮಗ್ರಿಯನ್ನು ಒದಗಿಸುವ ಕೆಲಸಗಳು ಸುತ್ತಣ ಹಳ್ಳಿಗಳಿಗೂ ಒಕ್ಕಲುಗಳಿಗೂ ಹಂಚಿಕೆಯಾಗಿವೆ. ಉರಿಯು ಯಾವ ದಿಕ್ಕಿಗೆ ಹೆಚ್ಚಾಗಿ ವಾಲುವುದೋ ಆ ದಿಕ್ಕಿನ ಸೀಮೆಗೆ ಆ ವರ್ಷ ಮಳೆ ಬೆಳೆ ಚೆನ್ನಾಗಿ ಆಗುವುದೆಂದು ನಂಬಿಕೆ. ಮುಂದಿನ ದಿನಗಳಲ್ಲಿ ಪಂಕ್ತಿಸೇವೆ. ಜಾತಿಭೇದವಿಲ್ಲದೆ ಒಂದೆಡೆ ಬೇಯಿಸಿ ಒಂದೆಡೆ ಉಣ್ಣುವ ಪದ್ಧತಿ.

ಈ ಜಾತ್ರೆಯಲ್ಲಿ ನಾವು ಮುಖ್ಯವಾಗಿ ಎಣಿಸುವುದು ಭಕ್ತಿಯನ್ನಲ್ಲ, ಕರ್ತವ್ಯದ ಹಂಚಿಕೆಯನ್ನು. ಬೆಂಕಿ ಕೊಡುವವರು ಒಂದು ಸರ್ಕಾರದ ಪ್ರಜೆಗಳು. ಬಿದಿರು ತರುವವರು ಇನ್ನೊಂದು ಸರ್ಕಾರದ ಪ್ರಜೆಗಳು. ಇಬ್ಬರಲ್ಲಿ ಒಬ್ಬರು ಬಾರದಿದ್ದರೂ ಕಾರ್ಯ ನಿಂತುಹೋಗುತ್ತದೆ. ದಿನ ಗೊತ್ತಾಗಿದೆ, ಹುಣ್ಣಿಮೆಯನ್ನು ಯಾವ ಸರ್ಕಾರವೂ ಮುಂದೂಡಲಾರದು. ಖರ್ಚು ಯಾರದೆಂಬುದು ಗೊತ್ತಾಗಿದೆ. ಉರಿಯು ಆಚೆಗೆ ವಾಲಿದ ವರ್ಷ ಈಚೆಯವರು ಮುಂದಿನ ಹುಣ್ಣಿಮೆಯನ್ನು ಕಾಯುತ್ತಾರೆಯೇ ಹೊರತು ಹೊಳೆ ದಾಟುವುದನ್ನು ಬಿಡುವುದಿಲ್ಲ. ಗಡಿಯ ಎರಡು ಮಗ್ಗುಲಲ್ಲಿ ಪರಂಪರೆಯೊಂದು ಬದುಕಿ ಉಳಿಯಲು ಬೇಕಾದದ್ದು ಇಷ್ಟೆಂದು ನಮ್ಮ ಅಭಿಪ್ರಾಯ.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. ಹೊಳೆಯ ಎರಡು ದಡದಲ್ಲಿಯೂ ಆಡುಮಾತು ಕನ್ನಡವೇ ಆಗಿದ್ದರಿಂದ ಇದು ಸುಲಭವಾಯಿತು, ಭಾಷೆ ಬೇರೆಯಾಗಿದ್ದರೆ ಹೀಗಾಗುತ್ತಿತ್ತೆ ಎಂದು ಕೇಳಬಹುದು. ಆಕ್ಷೇಪಣೆ ನ್ಯಾಯವಾದುದೇ. ಆದರೆ ಚಿಕ್ಕಲ್ಲೂರಿನಿಂದ ಇನ್ನೂ ತೆಂಕಣಕ್ಕೆ ಹೋದರೆ ಮಲೆ ಮಹದೇಶ್ವರ ಬೆಟ್ಟ ಸಿಕ್ಕುತ್ತದೆ. ಮಳವಳ್ಳಿ ಮದ್ದೂರುಗಳಿಂದ ಕಾಲ್ನಡಿಗೆಯಲ್ಲಿ ಹೊಳೆ ದಾಟಿ ಹೋಗುವ ಪರಿಷೆಯವರೂ, ಸೇಲಂ ಈರೋಡು ಕಡೆಯ ತಮಿಳು ಒಕ್ಕಲುಗಳೂ ಅಲ್ಲಿ ಒಂದೇ ಮಾದಪ್ಪನ ಮುಂದೆ ನಿಲ್ಲುತ್ತಾರೆ. ಭಾಷೆಯ ಭೇದವು ಅಲ್ಲಿ ತೊಡಕಾಗಿಲ್ಲ. ತುಲಾಮಾಸದಲ್ಲಿ ತಲಕಾವೇರಿಯಲ್ಲಿ ತೀರ್ಥೋದ್ಭವಕ್ಕೆಂದು ಕನ್ನಡಿಗರೂ ಕೊಡವರೂ ಸೇರುವಾಗ, ಅದೇ ತಿಂಗಳನ್ನು ಐಪ್ಪಸಿ ಎಂದು ಕರೆಯುವ ತಮಿಳರು ಅದೇ ಹೊಳೆಯ ಕೊನೆಯಲ್ಲಿ, ಮಾಯವರದಲ್ಲಿ, ಪುಣ್ಯಸ್ನಾನಕ್ಕೆ ಇಳಿಯುತ್ತಾರೆ. ಶ್ರೀರಂಗಪಟ್ಟಣದ ಆದಿರಂಗ, ಶಿವನಸಮುದ್ರದ ಮಧ್ಯರಂಗ, ಶ್ರೀರಂಗದ ಅಂತ್ಯರಂಗ ಎಂಬ ಎಣಿಕೆಯಂತೂ ಎಲ್ಲರಿಗೂ ತಿಳಿದದ್ದೇ.

ಶಿವನಸಮುದ್ರದ ಮಾತು ಬಂದದ್ದರಿಂದ ಅಲ್ಲಿಯ ಹಳೆಯ ಸೇತುವೆಗಳನ್ನು ಮರೆಯಬಾರದು. ಹೊಳೆ ಅಲ್ಲಿ ಎರಡಾಗಿ ಒಡೆದು ನಡುವೆ ದ್ವೀಪವೊಂದನ್ನು ಬಿಡುತ್ತದೆ. ಮಳವಳ್ಳಿಯ ಮಗ್ಗುಲಿಗೆ ಗಗನಚುಕ್ಕಿ, ಕೊಳ್ಳೇಗಾಲದ ಮಗ್ಗುಲಿಗೆ ಭರಚುಕ್ಕಿ. 19ನೆಯ ಶತಮಾನದ ಪೂರ್ವಾರ್ಧದಲ್ಲಿ, ಮೈಸೂರು ರೆಸಿಡೆಂಟನ ಬಳಿ ನೌಕರಿಯಲ್ಲಿದ್ದ ರಾಮಸ್ವಾಮಿ ಮೊದಲಿಯಾರ್ ಎಂಬವರು ಕಾಡು ಬೆಳೆದು ಹಾಳಾಗಿದ್ದ ಈ ದ್ವೀಪದ ಗುಡಿಗಳನ್ನು ಜೀರ್ಣೋದ್ಧಾರ ಮಾಡಿಸಿ, ಹೊಳೆಯ ಕವಲುಗಳಿಗೆ ಕಲ್ಲುಕಂಬದ ಸೇತುವೆಗಳನ್ನು ನಿಲ್ಲಿಸಿದರು. ಅವುಗಳಲ್ಲೊಂದಕ್ಕೆ ಮದರಾಸಿನ ಗವರ್ನರನಾಗಿದ್ದ ಲಷಿಂಗ್ಟನ್ನನ ಹೆಸರು ಬಂದಿತು. ಜನೋಪಕಾರ ಕಾಮಕರ್ತರೆಂಬ ಬಿರುದೂ ಜಹಗೀರೂ ಮೊದಲಿಯಾರರಿಗೆ ದೊರೆತವು. ಆ ಬಿರುದಿನ ಆಸೆಗೆ ಅವರು ಸೇತುವೆ ಕಟ್ಟಿಸಿದರೆಂದು ಯಾರಾದರೂ ಹೇಳಿದರೆ ನಾವು ವಾದಕ್ಕೆ ನಿಲ್ಲುವುದಿಲ್ಲ. ಜಾತ್ರೆಗೆ ಹೋಗುವವರಿಗೆ ಸೇತುವೆ ದೊರೆಯಿತು. 1902ರಲ್ಲಿ ಇದೇ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ ಹರಿಯಿತು. ಆ ಯೋಜನೆಯನ್ನು ಹಿಡಿದು ನಡೆಸಿದ ದಿವಾನ್ ಶೇಷಾದ್ರಿ ಅಯ್ಯರ್ ಪಾಲಕ್ಕಾಡಿನ ಕಡೆಯ ತಮಿಳು ಮನೆತನದವರು.

ಇನ್ನು ನೀರಿನ ಪ್ರಶ್ನೆ. ಈ ಲೇಖನವನ್ನು ಬರೆಯಲು ನಮ್ಮನ್ನು ಹಚ್ಚಿದ್ದು ವಾಸ್ತವವಾಗಿ ಇದೇ. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ಊರುಗಳವರು. ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಆ ಊರುಗಳಿಗೆ ಒಳ್ಳೆಯ ವರ್ಷದಲ್ಲಿಯೂ ನೀರು ತಡವಾಗಿ ತಲುಪುತ್ತದೆ. ಕೆಟ್ಟ ವರ್ಷದಲ್ಲಿ ತಲುಪುವುದೇ ಇಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು, ಮಂಡ್ಯದಲ್ಲಿ ರಸ್ತೆ ತಡೆ, ಧರಣಿಗಳು ನಡೆಯುತ್ತಿದ್ದಾಗ, ತರಗತಿಯಲ್ಲಿ ಆದಿರಂಗ ಅಂತ್ಯರಂಗಗಳ ಪಾಠ ಹೇಳುತ್ತಿದ್ದ ನಮ್ಮನ್ನು ಒಬ್ಬ ವಿದ್ಯಾರ್ಥಿ ಎದ್ದು ನಿಂತು, ಆ ರಂಗನಾಥನಿಗೆ ನಮ್ಮ ಗದ್ದೆ ಕಾಣುತ್ತದೆಯೇ ಸಾರ್ ಎಂದು ಕೇಳಿದನು. ಅಂದು ನಮ್ಮಲ್ಲಿ ಉತ್ತರವಿರಲಿಲ್ಲ.

ಕಾವೇರಿಯು ಸುಮಾರು 800 ಕಿಲೋಮೀಟರು ಹರಿಯುವ ಹೊಳೆ. ಅದರ ಜಲಾನಯನ ಪ್ರದೇಶ 81,155 ಚದರ ಕಿಲೋಮೀಟರು. ಅದನ್ನು ಕುರಿತು ಮೈಸೂರು ಮದರಾಸು ಸರ್ಕಾರಗಳ ನಡುವೆ 1892ರಲ್ಲಿಯೂ 1924ರಲ್ಲಿಯೂ ಒಪ್ಪಂದಗಳಾದವು. ಮೊದಲನೆಯದರ ಪ್ರಕಾರ ಮೈಸೂರು ಕೆಲವು ಹೊಳೆಗಳ ಮೇಲೆ ಮದರಾಸಿನ ಪೂರ್ವಾನುಮತಿಯಿಲ್ಲದೆ ಹೊಸ ನೀರಾವರಿ ಕಾಮಗಾರಿಗಳನ್ನು ಕೈಗೊಳ್ಳುವಂತಿರಲಿಲ್ಲ. ಎರಡನೆಯದು ಕನ್ನಂಬಾಡಿ ಅಣೆಕಟ್ಟಿಗೆ ದಾರಿ ಮಾಡಿತು. ಮದರಾಸಿಗೆ ಮೆಟ್ಟೂರು ಅಣೆಕಟ್ಟು ದೊರೆಯಿತು. ನಾಲೆ ಬಂದು ಮಂಡ್ಯದ ಬರಡು ಹೊಲಗಳು ಕಬ್ಬು ಬತ್ತದ ಗದ್ದೆಗಳಾದವು. 1933ರಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ನಮ್ಮ ಜಿಲ್ಲೆಯ ಇಂದಿನ ಸ್ವರೂಪವೇ 1924ರ ಒಪ್ಪಂದದ ಕೂಸೆಂದರೆ ತಪ್ಪಾಗದು. ಆ ಒಪ್ಪಂದವನ್ನು ಮಾಡಿದವರು ಇಂಜಿನಿಯರರು, ದಿವಾನರು, ಬ್ರಿಟಿಷ್ ಅಧಿಕಾರಿಗಳು. ಅದರಲ್ಲಿ ಇರುವುದು ಅಡಿ, ಎಕರೆಗಳ ಲೆಕ್ಕವೇ ಹೊರತು ರಂಗನಾಥನೂ ಇಲ್ಲ, ಮಾದಪ್ಪನೂ ಇಲ್ಲ. ಸಮಾನ ಪರಂಪರೆಯನ್ನು ನೆನೆಯದೆಯೂ ಸಹಕಾರ ಸಾಧ್ಯವೆಂಬುದನ್ನು ಇಲ್ಲಿ ಒಪ್ಪಲೇಬೇಕು. ಯೂರೋಪಿನ ರೈನ್ ನದಿಯ ಸಂಚಾರಕ್ಕೆ 1815ರ ವಿಯೆನ್ನಾ ಸಮ್ಮೇಳನ ಏರ್ಪಡಿಸಿದ ಆಯೋಗವು, ದಡದ ರಾಷ್ಟ್ರಗಳು ಪರಸ್ಪರ ಯುದ್ಧ ಮಾಡಿದರೂ ಹೋಗಲಿ ಎಂದು ಮುರಿದುಬೀಳದೆ ಇಂದಿಗೂ ಉಳಿದುಬಂದಿದೆ. ಅದರ ಬಲವೂ ಗೊತ್ತಾದ ದಿನಗಳ ಸಭೆಗಳಲ್ಲಿಯೇ ಇದೆ.

ಐವತ್ತು ವರ್ಷಗಳು ಕಳೆದು 1974 ಬಂದಾಗ ಒಪ್ಪಂದದ ಅರ್ಥವೇನೆಂಬುದರಲ್ಲಿಯೇ ಭೇದ ಹುಟ್ಟಿತು. 1990ರಲ್ಲಿ ನ್ಯಾಯಮಂಡಳಿ ನೇಮಕವಾಯಿತು. 1991ರ ಜೂನ್ ತಿಂಗಳಿನಲ್ಲಿ ವರ್ಷಕ್ಕೆ 205 ಟಿ.ಎಂ.ಸಿ. ನೀರು ಬಿಡಬೇಕೆಂಬ ಮಧ್ಯಂತರ ಆದೇಶ ಹೊರಟಿತು. ಅದೇ ಡಿಸೆಂಬರಿನಲ್ಲಿ ಅದು ಕೇಂದ್ರದ ಗೆಜೆಟ್ಟಿನಲ್ಲಿ ಪ್ರಕಟವಾದೊಡನೆ ಬೆಂಗಳೂರಿನಲ್ಲಿಯೂ ಹಳೆಯ ಮೈಸೂರು ಸೀಮೆಯಲ್ಲಿಯೂ ತಮಿಳು ಮಾತನಾಡುವವರ ಮೇಲೆ ಹಲ್ಲೆಗಳಾದವು, ಪ್ರಾಣಹಾನಿಯಾಯಿತು, ತಲೆಮಾರುಗಳಿಂದ ಇಲ್ಲಿದ್ದ ಸಂಸಾರಗಳು ಗಡಿ ದಾಟಿ ಓಡಿಹೋದವು. ಆಚೆಯಲ್ಲಿ ಕನ್ನಡಿಗರೂ ಭಯಪಟ್ಟರು. ಮೂರು ರಂಗರಲ್ಲಿ ಯಾರೂ ಇದನ್ನು ತಡೆಯಲಿಲ್ಲ. ಸಾವಿರ ವರ್ಷಗಳ ಬಾಂಧವ್ಯದ ಮಾತನ್ನಾಡುವವರು ಈ ಒಂದು ತಿಂಗಳನ್ನು ಬಿಟ್ಟು ಮಾತನಾಡುವುದು ಪ್ರಾಮಾಣಿಕವಲ್ಲ. ಅಂದು ಕಲ್ಲೆಸೆದವರೂ ಕಲ್ಲೇಟು ತಿಂದವರೂ ಹಿಂದಿನ ವರ್ಷ ಮಹದೇಶ್ವರ ಬೆಟ್ಟದ ಒಂದೇ ಮೆಟ್ಟಿಲುಗಳನ್ನು ಹತ್ತಿದ್ದಿರಬಹುದು.

ಇಷ್ಟಾದ ಮೇಲೆ 2003ರಲ್ಲಿ ನಡೆದ ಒಂದು ಪ್ರಯತ್ನ ನಮ್ಮ ಗಮನಕ್ಕೆ ವಿಶೇಷವಾಗಿ ಅರ್ಹವಾದುದು. ಅದಕ್ಕೆ ಹಿಂದಿನ ಮಳೆಗಾಲ ತೀರ ಕೆಟ್ಟಿತ್ತು. ಚೆನ್ನೈನ ಮದರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಆಶ್ರಯದಲ್ಲಿ ಉಭಯ ರಾಜ್ಯಗಳ ರೈತ ಪ್ರತಿನಿಧಿಗಳು ಒಂದೆಡೆ ಕುಳಿತರು. ಅಲ್ಲಿ ರೂಪುಗೊಂಡ ಬಳಗಕ್ಕೆ ಕಾವೇರಿ ಕುಟುಂಬವೆಂಬ ಹೆಸರಾಯಿತು. ತಂಜಾವೂರಿನ ಕಡೆಯ ರೈತರು ಬಂದು ಮಂಡ್ಯದ ನಾಲೆಗಳನ್ನೂ ಒಣಗಿದ ಗದ್ದೆಗಳನ್ನೂ ನೋಡಿದರು. ನಮ್ಮವರು ಹೋಗಿ ಅವರ ನದೀಮುಖಜ ಭೂಮಿಯನ್ನು ನೋಡಿದರು. ನಾಲೆಯ ಕೊನೆಯವನ ಕಷ್ಟವು ಮಳವಳ್ಳಿಯಲ್ಲಿಯೂ ನಾಗಪಟ್ಟಣದಲ್ಲಿಯೂ ಒಂದೇ ಬಗೆಯದು. ಪತ್ರಿಕೆಗಳಲ್ಲಿ ಒಬ್ಬರನ್ನೊಬ್ಬರು ನೀರುಗಳ್ಳರೆಂದು ಓದಿಕೊಂಡಿದ್ದವರಿಗೆ ಅದನ್ನು ಕಣ್ಣಾರೆ ಕಾಣುವುದು ಸಣ್ಣ ಸಂಗತಿಯಲ್ಲ. ಇಲ್ಲಿ ಪರಂಪರೆ ಕೆಲಸ ಮಾಡಿತೆಂದು ನಾವು ಭಾವಿಸುತ್ತೇವೆ. ನೀರನ್ನು ಹಂಚುವುದರಲ್ಲಿ ಅದು ನೆರವಾಗಲಿಲ್ಲ. ಮನೆಯೊಳಕ್ಕೆ ಕರೆದು ಕೂರಿಸುವುದರಲ್ಲಿ ನೆರವಾಯಿತು. ಕಕ್ಷಿಗಾರರೆಂದು ಕರೆಸಿಕೊಂಡಿದ್ದವರು ತಮ್ಮನ್ನು ಕುಟುಂಬವೆಂದು ಕರೆದುಕೊಳ್ಳಲು ಎರಡು ಭಾಷೆಗಳಲ್ಲಿಯೂ ಒಂದೇ ಮಾತು ಕೈಗೆ ಸಿಕ್ಕಿತು.

ಆದರೆ ಕುಟುಂಬಕ್ಕೆ ಕಾನೂನಿನ ಅಧಿಕಾರವಿರಲಿಲ್ಲ, ತೀರ್ಮಾನವಾದದ್ದು ನ್ಯಾಯಾಲಯದಲ್ಲಿಯೇ. 2007ರಲ್ಲಿ ನ್ಯಾಯಮಂಡಳಿ 740 ಟಿ.ಎಂ.ಸಿ. ನೀರನ್ನು ಹಂಚಿ, ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಎಂದು ಗೊತ್ತುಮಾಡಿತು. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು 284.75ಕ್ಕೆ ಏರಿಸಿ, ತಮಿಳುನಾಡಿನದನ್ನು 404.25ಕ್ಕೆ ಇಳಿಸಿತು, ಬಿಳಿಗುಂಡ್ಲುವಿನಲ್ಲಿ ಹರಿಯಬೇಕಾದ ನೀರು 177.25 ಎಂದಾಯಿತು. ಮಳೆ ಬಂದ ವರ್ಷ ಈ ಅಂಕಿಗಳ ನೆನಪೂ ಯಾರಿಗೂ ಆಗುವುದಿಲ್ಲ. ಮಳೆ ಬಾರದ ವರ್ಷದ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕೆಂಬುದೇ ಜಗಳದ ಮೂಲ. 2023ರಲ್ಲಿ ಬೀದಿಗೆ ಬಂದದ್ದೂ ಅದೇ.

ಚಿಕ್ಕಲ್ಲೂರಿನ ಕಟ್ಟಳೆಯನ್ನು ಕಾವೇರಿ ಕುಟುಂಬದ ಪಕ್ಕದಲ್ಲಿಟ್ಟು ನೋಡಿದರೆ ಎರಡನೆಯದಕ್ಕೆ ಕೊರತೆಯಾದದ್ದು ಯಾವುದೆಂದು ಕಾಣುತ್ತದೆ. ಸದ್ಭಾವಕ್ಕೆ ಅಲ್ಲಿ ಕೊರತೆಯಿರಲಿಲ್ಲ. ಗೊತ್ತಾದ ದಿನವಿರಲಿಲ್ಲ, ಬಾರದಿದ್ದರೆ ನಿಂತುಹೋಗುವ ಕೆಲಸವಿರಲಿಲ್ಲ, ಖರ್ಚನ್ನು ಹೊರುವ ಒಕ್ಕಲುಗಳಿರಲಿಲ್ಲ. ಬರಗಾಲದ ವರ್ಷ ಮಾತ್ರ ಸೇರುವ ಕುಟುಂಬವು ಬರಗಾಲದ ಸಿಟ್ಟಿನಲ್ಲಿಯೇ ಸೇರಬೇಕಾಗುತ್ತದೆ. ಮಳೆ ಚೆನ್ನಾಗಿ ಬಂದ ವರ್ಷದ ತುಲಾಮಾಸದಲ್ಲಿ, ಜಗಳಕ್ಕೆ ಕಾರಣವೇ ಇಲ್ಲದಾಗ, ಮಳವಳ್ಳಿಯ ನಾಲೆ ಕೊನೆಯವರು ಮಾಯವರಕ್ಕೂ, ಅಲ್ಲಿಯವರು ಶಿವನಸಮುದ್ರಕ್ಕೂ ಬಂದು ಹೋಗುವ ವಾಡಿಕೆಯನ್ನು ಕಟ್ಟಿದರೆ, ಕೊರತೆಯ ಲೆಕ್ಕವನ್ನು ಆಗಲೇ ಮಾತನಾಡಿ ಇಟ್ಟುಕೊಳ್ಳಬಹುದಾಗಿತ್ತು ಎಂದು ನಮಗನಿಸುತ್ತದೆ. ಇದು ಸರ್ಕಾರಗಳು ಮಾಡಬಹುದಾದ ಕೆಲಸವಲ್ಲ. ನೀರು ಬಳಕೆದಾರರ ಸಂಘಗಳೂ, ಜಾತ್ರೆಯ ಮುಖಂಡರೂ ಕೂಡಿ ಮಾಡಬಹುದಾದದ್ದು. ಅಂಥ ವಾಡಿಕೆಯೂ ಅಭೇದ್ಯವೆಂದು ನಾವು ಹೇಳುವುದಿಲ್ಲ. 2019ರಲ್ಲಿ ಭಾರತ ಪಾಕಿಸ್ತಾನಗಳ ನಡುವೆ ತೆರೆದ ಕರ್ತಾರಪುರದ ಯಾತ್ರಾಮಾರ್ಗ 2025ರ ಸಂಘರ್ಷದಲ್ಲಿ ಮುಚ್ಚಿಹೋದದ್ದನ್ನು ಕಂಡಿದ್ದೇವೆ. ಅದು ಎರಡು ಸರ್ಕಾರಗಳು ಸಹಿ ಹಾಕಿ ತೆರೆದ ಬಾಗಿಲು, ಅವೇ ಮುಚ್ಚಬಲ್ಲವು.

ವಿಭಾಗದ ಮಟ್ಟಿಗೆ ನಮ್ಮ ಕೈಲಾದ ಕೆಲಸ ಇನ್ನೂ ಚಿಕ್ಕದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1979ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಏಳನೆಯ ಸಂಪುಟದಲ್ಲಿ ನಾಗಮಂಗಲದ ಜೊತೆಗೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಶಾಸನಗಳು ಸೇರಿವೆ. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಅದರ ಕನ್ನಡ ಶಾಸನಗಳನ್ನು ತಕ್ಕಮಟ್ಟಿಗೆ ಓದುತ್ತಾರೆ. ತಮಿಳು ಗ್ರಂಥಾಕ್ಷರದ ಪುಟ ಬಂದರೆ ಮಗುಚಿಬಿಡುತ್ತಾರೆ. ನಾವೂ ವಿದ್ಯಾರ್ಥಿಗಳಾಗಿದ್ದಾಗ ಹಾಗೆಯೇ ಮಾಡಿದ್ದೇವೆ. ಮಾರೇಹಳ್ಳಿಯ ಗೋಡೆಯನ್ನು ಪೂರ್ತಿಯಾಗಿ ಓದಲು ಎರಡು ಲಿಪಿಗಳನ್ನೂ ಬಲ್ಲವರು ಬೇಕು, ಇಲ್ಲವೇ ಒಂದೊಂದನ್ನು ಬಲ್ಲ ಇಬ್ಬರು ಪಕ್ಕದಲ್ಲಿ ನಿಲ್ಲಬೇಕು. ಮುಂದಿನ ತುಲಾಮಾಸದ ರಜೆಯಲ್ಲಿ ಮೂರು ದಿನ ಮಾರೇಹಳ್ಳಿಯಲ್ಲಿ ಅಂಥ ಓದನ್ನು ನಡೆಸಬೇಕೆಂದಿದ್ದೇವೆ. ತಮಿಳು ಲಿಪಿ ಬಲ್ಲ ನೆರೆರಾಜ್ಯದ ವಿದ್ಯಾರ್ಥಿಗಳಿಗೆ ಊಟ ವಸತಿಯನ್ನು ಒದಗಿಸಲು ಊರವರು ಒಪ್ಪಿದ್ದಾರೆ. ಮೊದಲ ದಿನದ ಅಡಿಗೆ ಯಾರ ಮನೆಯದೆಂಬುದು ಮಾತ್ರ ಇನ್ನೂ ಗೊತ್ತಾಗಬೇಕಾಗಿದೆ.